ಆಳುವವರ ಮಾತನ್ನು ಸಮಾಜದ ಮಾತೆಂದು ತಿಳಿಯಬೇಡಿ: ಪಶ್ಚಿಮದ ಉದಾರವಾದಿಗಳಿಗೊಂದು ಬಹಿರಂಗ ಪತ್ರ

ಯುರೋಪ್ ಮತ್ತು ಅಮೆರಿಕದ ಉದಾರವಾದಿ ಚಿಂತಕರಿಗೆ, ಪತ್ರಕರ್ತರಿಗೆ, ಸಂಸದರಿಗೆ ಮತ್ತು ಮಾನವ ಹಕ್ಕುಗಳ ಪರವಾಗಿ ದನಿ ಎತ್ತುವ ಎಲ್ಲರಿಗೆ,

ಮಾನ್ಯರೇ,

1979ರ ಮಾರ್ಚ್ 8ರಂದು ಇರಾನಿನ ರಾಜಧಾನಿ ಟೆಹರಾನಿನಲ್ಲಿ ಸಾವಿರಾರು ಹೆಂಗಸರು ಮೆರವಣಿಗೆ ಹೊರಟರು. ಅಲ್ಲಿನ ದೊರೆ ಷಾ ದೇಶ ಬಿಟ್ಟು ಓಡಿ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಸರ್ಕಾರಿ ಕಚೇರಿಗೆ ಬರುವ ಹೆಂಗಸರು ಹಿಜಾಬ್ ಧರಿಸಿಯೇ ಬರಬೇಕೆಂದು ಕ್ರಾಂತಿಯ ನಾಯಕ ಅಯತೊಲ್ಲಾ ಖೊಮೇನಿ ಹಿಂದಿನ ದಿನವಷ್ಟೇ ಹೇಳಿದ್ದರು. ಮೆರವಣಿಗೆಯಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಷಾನ ಆಡಳಿತದ ವಿರುದ್ಧವೂ ಅದೇ ಬೀದಿಗಳಲ್ಲಿ ನಿಂತಿದ್ದವರು. ಅವರು ಕೂಗಿದ ಘೋಷಣೆಗಳಲ್ಲಿ ಒಂದು ಹೀಗಿತ್ತು: ಸ್ವಾತಂತ್ರ್ಯ ಪೂರ್ವದ್ದೂ ಅಲ್ಲ, ಪಶ್ಚಿಮದ್ದೂ ಅಲ್ಲ, ಅದು ಇಡೀ ಜಗತ್ತಿನದು. ಹಲವು ದಿನ ನಡೆದ ಆ ಪ್ರತಿಭಟನೆಯಲ್ಲಿ ಅವರ ಮೇಲೆ ಕಲ್ಲು ಬಿದ್ದವು, ಚಾಕು ಬೀಸಲಾಯಿತು. ಅವರ ಪರವಾಗಿ ಅಂದು ಗಟ್ಟಿಯಾಗಿ ಮಾತನಾಡಿದವರು ನಿಮ್ಮಲ್ಲಿ ತೀರಾ ಕೆಲವರು ಮಾತ್ರ.

ನಾನು ಈ ಪತ್ರ ಬರೆಯುತ್ತಿರುವುದು ಆ ಮೌನದ ಬಗ್ಗೆ. ಅದು ನಿಂತಿದೆ ಎಂದು ನನಗೆ ಅನಿಸುವುದಿಲ್ಲ. ಮುಸ್ಲಿಂ ಬಹುಸಂಖ್ಯಾತ ದೇಶಗಳ ಸರ್ಕಾರಗಳು ತಮ್ಮ ಪ್ರಜೆಗಳನ್ನು ಜೈಲಿಗೆ ತಳ್ಳಿದಾಗ, ಛಡಿಯೇಟು ಕೊಟ್ಟಾಗ, ಗಲ್ಲಿಗೇರಿಸಿದಾಗ ನಿಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಕಾಣುತ್ತೇನೆ. ಒಂದು, 'ಅದು ಅವರ ಸಂಸ್ಕೃತಿ, ನಾವು ತೀರ್ಪು ಕೊಡಬಾರದು' ಎಂಬ ಸಂಕೋಚ. ಇನ್ನೊಂದು, 'ಈ ಸರ್ಕಾರ ನಮಗೆ ಬೇಕು' ಎಂಬ ಲೆಕ್ಕಾಚಾರ. ಮೊದಲನೆಯದು ವಿಶ್ವವಿದ್ಯಾಲಯಗಳಲ್ಲಿ, ಪತ್ರಿಕೆಗಳಲ್ಲಿ ಕೇಳಿಸುತ್ತದೆ. ಎರಡನೆಯದು ನೀವು ಮತ ಕೊಟ್ಟು ಆರಿಸಿದ ಸರ್ಕಾರಗಳ ವಿದೇಶಾಂಗ ಕಚೇರಿಗಳಲ್ಲಿ ಕೆಲಸ ಮಾಡುತ್ತದೆ. ಉದ್ದೇಶ ಬೇರೆಯಾದರೂ ಎರಡೂ ಹೋಗಿ ನಿಲ್ಲುವುದು ಒಂದೇ ಬಾಗಿಲಲ್ಲಿ, ಅದು ಅರಮನೆಯ ಬಾಗಿಲು. ಇಬ್ಬರ ಕಣ್ಣಿಗೂ ಆ ಸಮಾಜದ ಪ್ರತಿನಿಧಿಯಾಗಿ ಕಾಣುವವನು ಅಲ್ಲಿನ ಆಳುವವನೇ. ಸೆರೆಮನೆಯಲ್ಲಿರುವವರು ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ.

ಮೊದಲು ಸಂಕೋಚದ ವಿಷಯ. ಅದರ ಹಿಂದೆ ಪ್ರಾಮಾಣಿಕವಾದ ಕಾರಣಗಳಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇರಾನಿನಲ್ಲಿ ಜನರಿಂದ ಆಯ್ಕೆಯಾದ ಪ್ರಧಾನಿ ಮೊಸಾದೆಗ್ ಸರ್ಕಾರವನ್ನು 1953ರ ಆಗಸ್ಟ್‌ನಲ್ಲಿ ಉರುಳಿಸಿದ್ದರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳ ಕೈ ಇತ್ತು. ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದ್ದೇ ಆ ಸರ್ಕಾರದ ಅಪರಾಧವಾಗಿತ್ತು. ಇಂಥ ಇತಿಹಾಸ ಬೆನ್ನಿಗಿರುವವರು ಇನ್ನೊಬ್ಬರ ಮನೆಯ ವಿಚಾರದಲ್ಲಿ ಮಾತನಾಡಲು ಹಿಂಜರಿಯುವುದು ಸಹಜ. ನಿಮ್ಮ ಊರಿನಲ್ಲೇ ವಲಸೆ ಬಂದ ಮುಸ್ಲಿಮರನ್ನು ದ್ವೇಷಿಸುವ ಪಕ್ಷಗಳು ಬೆಳೆಯುತ್ತಿರುವಾಗ, ಆ ಪಕ್ಷಗಳ ಬಾಯಿಗೆ ಮಾತು ಕೊಡಬಾರದೆಂಬ ಎಚ್ಚರವೂ ಅರ್ಥವಾಗುವಂಥದ್ದೇ. ಆದರೆ ಈ ಎಚ್ಚರದ ಬೆಲೆಯನ್ನು ತೆರುವವರು ನೀವಲ್ಲ.

1978ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಮಿಷೆಲ್ ಫುಕೋ ಇಟಲಿಯ ಪತ್ರಿಕೆಯೊಂದರ ಪರವಾಗಿ ಇರಾನಿಗೆ ಹೋಗಿ, ಅಲ್ಲಿನ ಚಳವಳಿಯಲ್ಲಿ ಹೊಸ ಬಗೆಯ ರಾಜಕೀಯ ಆಧ್ಯಾತ್ಮಿಕತೆಯನ್ನು ಕಂಡು ಮನಸೋತು ಬರೆದರು. ಆಗ ಪ್ಯಾರಿಸ್ಸಿನಲ್ಲಿದ್ದ ಇರಾನಿನ ಹೆಣ್ಣುಮಗಳೊಬ್ಬಳು ಅತೂಸಾ ಎಚ್. ಎಂಬ ಹೆಸರಿನಲ್ಲಿ ಅಲ್ಲಿನ ವಾರಪತ್ರಿಕೆಗೆ ಉತ್ತರ ಬರೆದಳು. ಷಾನ ದಬ್ಬಾಳಿಕೆ ಸಾಕಾಗಿದೆ, ನಿಜ; ಆದರೆ ರೋಗಕ್ಕಿಂತ ಘೋರವಾದ ಮದ್ದಿಗೆ ಪಶ್ಚಿಮದ ಎಡಪಂಥೀಯರು ಮರುಳಾಗಬಾರದು ಎಂಬುದು ಅವಳ ಪತ್ರದ ತಿರುಳು. ಹೆಂಗಸರಿಗೆ ಏನು ಕಾದಿದೆ ಎಂಬುದನ್ನು ಅವಳು ಆಗಲೇ ಕಂಡಿದ್ದಳು. ಫುಕೋ ಕೊಟ್ಟ ಮರುತ್ತರದಲ್ಲಿ ಅವಳ ಭಯಕ್ಕೆ ಉತ್ತರವಿರಲಿಲ್ಲ. ಅವಳು ಇಸ್ಲಾಮನ್ನು ಸರಿಯಾಗಿ ಅರಿತಿಲ್ಲ, ತಾತ್ಸಾರದಿಂದ ನೋಡುತ್ತಿದ್ದಾಳೆ ಎಂಬ ಆಕ್ಷೇಪವಿತ್ತು. ಆ ಧರ್ಮದ ನೆರಳಲ್ಲೇ ಹುಟ್ಟಿ ಬೆಳೆದವಳಿಗೆ ಹೊರಗಿನವನೊಬ್ಬ ಹೇಳಿದ ಪಾಠ ಅದು. ಮರುವರ್ಷ ಮರಣದಂಡನೆಗಳು ಶುರುವಾದ ಮೇಲೆ ಫುಕೋ ಇರಾನಿನ ಪ್ರಧಾನಿ ಬಜರ್ಗಾನ್ ಅವರಿಗೆ ಬಹಿರಂಗ ಪತ್ರ ಬರೆದು ಆರೋಪಿಗಳ ಹಕ್ಕಿನ ಬಗ್ಗೆ ಕೇಳಿದರು ಎಂಬುದನ್ನೂ ಹೇಳಬೇಕು. ಹೆಂಗಸರ ಪಾಲಿಗೆ ಅಷ್ಟು ಹೊತ್ತಿಗಾಗಲೇ ತಡವಾಗಿತ್ತು.

ಮಾನವ ಹಕ್ಕು ಎಂಬುದು ಪಶ್ಚಿಮದ ಸರಕು, ಅದನ್ನು ಇತರರ ಮೇಲೆ ಹೇರಬಾರದು ಎಂಬ ವಾದ ನಿಮ್ಮಲ್ಲಿ ಇಂದಿಗೂ ಪ್ರಗತಿಪರ ವಾದವೆಂದೇ ಚಲಾವಣೆಯಲ್ಲಿದೆ. ಅದರ ಜಾತಕವನ್ನು ಒಮ್ಮೆ ತೆಗೆದು ನೋಡಿ. 1947ರಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ಇನ್ನೂ ತಯಾರಾಗುತ್ತಿದ್ದಾಗ, ಇಂಥ ಘೋಷಣೆ ಪಶ್ಚಿಮದ ಮೌಲ್ಯಗಳನ್ನು ಎಲ್ಲರ ಮೇಲೆ ಹೊರಿಸುವುದಾದೀತು ಎಂದು ಆಕ್ಷೇಪಿಸಿದ್ದು ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ. 1948ರ ಡಿಸೆಂಬರ್ 10ರಂದು ಮತಕ್ಕೆ ಹಾಕಿದಾಗ 48 ದೇಶಗಳು ಘೋಷಣೆಯ ಪರವಾಗಿ ನಿಂತವು, ವಿರುದ್ಧವಾಗಿ ಒಂದೂ ಮತ ಬೀಳಲಿಲ್ಲ, 8 ದೇಶಗಳು ತಟಸ್ಥವಾಗಿ ಉಳಿದವು. ಪರವಾಗಿ ನಿಂತವುಗಳಲ್ಲಿ ಈಜಿಪ್ಟ್, ಸಿರಿಯಾ, ಇರಾಕ್, ಇರಾನ್, ಟರ್ಕಿ, ಅಫ್ಘಾನಿಸ್ತಾನ, ಪಾಕಿಸ್ತಾನಗಳಿದ್ದವು. ತಟಸ್ಥವಾಗಿದ್ದ ಮುಸ್ಲಿಂ ಬಹುಸಂಖ್ಯಾತ ದೇಶ ಒಂದೇ, ಸೌದಿ ಅರೇಬಿಯಾ. ಅದರ ಜೊತೆ ಕೈ ಕಟ್ಟಿ ಕೂತವರೆಂದರೆ ಸೋವಿಯತ್ ಗುಂಪಿನ ದೇಶಗಳು ಮತ್ತು ವರ್ಣಭೇದದ ದಕ್ಷಿಣ ಆಫ್ರಿಕಾ.

ಆ ಚರ್ಚೆಯ ಒಂದು ಎಳೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮದುವೆಯಲ್ಲಿ ಗಂಡು ಹೆಣ್ಣಿಗೆ ಸಮಾನ ಹಕ್ಕು, ಇಬ್ಬರ ಪೂರ್ಣ ಒಪ್ಪಿಗೆ ಎಂಬ ವಿಧಿ ಬಂದಾಗ ಸೌದಿಯ ಪ್ರತಿನಿಧಿ ಜಮೀಲ್ ಬರೂದಿ, ಇದು ಪಶ್ಚಿಮದ ಕುಟುಂಬವನ್ನೇ ಮಾದರಿಯಾಗಿಟ್ಟುಕೊಂಡು ಬರೆದದ್ದು ಎಂದು ವಿರೋಧಿಸಿದರು. ಬರೂದಿ ಲೆಬನಾನಿನಲ್ಲಿ ಹುಟ್ಟಿದ ಕ್ರೈಸ್ತರು. ಸೌದಿ ದೊರೆಯ ಪರವಾಗಿ ಮಾತನಾಡುವುದು ಅವರ ಉದ್ಯೋಗ. ಅದೇ ವಿಧಿಯನ್ನು ಎತ್ತಿ ಹಿಡಿದವರಲ್ಲಿ ಒಬ್ಬರು ಪಾಕಿಸ್ತಾನದ ಬೇಗಂ ಶಾಯಿಸ್ತಾ ಇಕ್ರಮುಲ್ಲಾ, ಬಾಲ್ಯವಿವಾಹವನ್ನೂ ಒಲ್ಲದ ಮದುವೆಯನ್ನೂ ತಡೆಯಲು ಅದು ಬೇಕೆಂದು ವಾದಿಸಿದ ಮುಸ್ಲಿಂ ಮಹಿಳೆ. ಧರ್ಮ ಬದಲಿಸುವ ಸ್ವಾತಂತ್ರ್ಯದ ಮಾತು ಬಂದಾಗ ಪಾಕಿಸ್ತಾನದ ವಿದೇಶಾಂಗ ಸಚಿವ ಜಫರುಲ್ಲಾ ಖಾನ್ ಕುರಾನಿನ ಆಧಾರದ ಮೇಲೆಯೇ ಅದನ್ನು ಸಮರ್ಥಿಸಿದರು. ಹಾಗಾದರೆ ಅಂದು ಮುಸ್ಲಿಂ ಸಮಾಜದ ದನಿ ಯಾರದ್ದಾಗಿತ್ತು? ದೊರೆಯ ವಕೀಲರದ್ದೋ, ಶಾಯಿಸ್ತಾ ಅವರದ್ದೋ? ನಮ್ಮ ದೇಶದ ಹಂಸಾ ಮೆಹ್ತಾ ಪಟ್ಟು ಹಿಡಿದದ್ದರಿಂದಲೇ ಆ ಘೋಷಣೆಯ ಮೊದಲ ವಿಧಿಯಲ್ಲಿ ಗಂಡಸರೆಲ್ಲ ಎಂಬುದು ಹೋಗಿ ಮಾನವರೆಲ್ಲ ಎಂದಾಯಿತು. ಇವರೆಲ್ಲ ಸೇರಿ ಕಟ್ಟಿದ್ದನ್ನು ನೀವೊಬ್ಬರೇ ಕಟ್ಟಿದ್ದೆಂದು ಒಪ್ಪಿಕೊಂಡು, ಆಮೇಲೆ ಹೇರಿಕೆಯೆಂದು ನಾಚಿಕೊಳ್ಳುವುದರಲ್ಲಿ ಇವರೆಲ್ಲರ ಪಾಲು ಅಳಿಸಿಹೋಗುತ್ತದೆ.

ಇನ್ನೊಂದು ಸಂಗತಿ. 1950ರ ಸುಮಾರಿಗೆ, ಈ ಹಕ್ಕುಗಳನ್ನು ದೇಶಗಳಿಗೆ ಕಟ್ಟುಪಾಡಾಗಿಸುವ ವಿಶ್ವಸಂಸ್ಥೆಯ ಒಡಂಬಡಿಕೆಗಳ ಚರ್ಚೆ ನಡೆದಾಗ, ತಮ್ಮ ವಸಾಹತುಗಳಿಗೆ ಇವು ತಾನಾಗಿ ಅನ್ವಯಿಸಬಾರದು, ಅಲ್ಲಿನ ಜನರ ನಾಗರಿಕತೆಯ ಹಂತವೇ ಬೇರೆ ಎಂದು ವಾದಿಸಿದವರು ಬ್ರಿಟನ್, ಫ್ರಾನ್ಸ್, ಬೆಲ್ಜಿಯಂಗಳು. ಹಕ್ಕುಗಳಿಗೆ ಗಡಿಯಿಲ್ಲವೆಂದು ಎದುರು ನಿಂತದ್ದು ಅರಬ್ ಮತ್ತು ಏಷ್ಯಾದ ಪ್ರತಿನಿಧಿಗಳು. ಗಂಡು ಹೆಣ್ಣಿನ ಸಮಾನತೆಯನ್ನು ಒಡಂಬಡಿಕೆಗಳ ಮೂರನೆಯ ವಿಧಿಯಲ್ಲಿ ಸ್ಪಷ್ಟವಾಗಿ ಬರೆಸಲು ದುಡಿದವರಲ್ಲಿ ಇರಾಕಿನ ಬದಿಯಾ ಅಫ್ನಾನ್ ಮುಖ್ಯರು. ಸಂಸ್ಕೃತಿ ಬೇರೆ, ಆದ್ದರಿಂದ ಹಕ್ಕು ಬೇರೆ ಎಂಬ ಮಾತು ವಸಾಹತುಶಾಹಿಗೆ ವಿರುದ್ಧವಾದದ್ದೆಂದು ನಂಬಿರುವವರು, ಅದನ್ನು ಮೊದಲು ಬಳಸಿದ ಕೈಗಳು ಯಾವುವೆಂದು ನೋಡಬೇಕು.

ಈಗ ಇರಾನಿಗೆ ಮರಳೋಣ. ಶಿರೀನ್ ಇಬಾದಿ 1970ರ ದಶಕದಲ್ಲಿ ಟೆಹರಾನಿನ ನ್ಯಾಯಾಲಯವೊಂದರ ಮುಖ್ಯ ಪೀಠದಲ್ಲಿ ಕೂತಿದ್ದ ನ್ಯಾಯಾಧೀಶೆ. ಕ್ರಾಂತಿಯಾದ ಮೇಲೆ ಹೆಣ್ಣು ನ್ಯಾಯತೀರ್ಪು ಕೊಡುವಂತಿಲ್ಲವೆಂದು, ತಾನೇ ಅಧ್ಯಕ್ಷತೆ ವಹಿಸಿದ್ದ ಅದೇ ನ್ಯಾಯಾಲಯದಲ್ಲಿ ಅವರನ್ನು ಗುಮಾಸ್ತೆಯಾಗಿ ಕೂರಿಸಲಾಯಿತು. ನಿನ್ನೆಯವರೆಗೆ ಅವರ ಮುಂದೆ ಕಡತ ತಂದಿಡುತ್ತಿದ್ದವರ ಸಾಲಿನಲ್ಲಿ ಅವರಿಗೊಂದು ಮೇಜು. ವಕೀಲಿಕೆಯ ಪರವಾನಗಿ ಸಿಗಲು 1992ರವರೆಗೆ ಕಾಯಬೇಕಾಯಿತು. 2003ರಲ್ಲಿ ಶಾಂತಿ ನೊಬೆಲ್ ಬಂತು. 2009ರಿಂದ ಅವರು ದೇಶದ ಹೊರಗಿದ್ದಾರೆ. ಶಿರೀನ್ ತಮ್ಮನ್ನು ಮುಸ್ಲಿಮಳೆಂದೇ ಕರೆದುಕೊಳ್ಳುತ್ತಾರೆ ಮತ್ತು ತಮ್ಮ ವಾದಗಳನ್ನು ಇಸ್ಲಾಮಿನ ಒಳಗಿನಿಂದಲೂ ಮಂಡಿಸಿದ್ದಾರೆ. ಅವರ ಹಾದಿಯಲ್ಲೇ ನಡೆದ ವಕೀಲೆ ನಸ್ರೀನ್ ಸೊತೂದೆ ಅವರಿಗೆ 2019ರಲ್ಲಿ 38 ವರ್ಷ ಜೈಲು ಮತ್ತು 148 ಛಡಿಯೇಟಿನ ಶಿಕ್ಷೆಯಾಯಿತು. 2022ರ ಸೆಪ್ಟೆಂಬರ್ 16ರಂದು 22 ವರ್ಷದ ಕುರ್ದಿ ಯುವತಿ ಮಹ್ಸಾ ಜೀನಾ ಅಮೀನಿ ನೈತಿಕ ಪೊಲೀಸರ ವಶದಲ್ಲಿದ್ದು ಸತ್ತಾಗ, 'ಹೆಣ್ಣು, ಬದುಕು, ಸ್ವಾತಂತ್ರ್ಯ' ಎಂದು ಇರಾನಿನ ಊರೂರುಗಳಲ್ಲಿ ಎದ್ದ ಕೂಗು ಯಾವ ಹೊರದೇಶವೂ ಹೇರಿದ್ದಲ್ಲ. ಮರುವರ್ಷ ಹಕ್ಕುಗಳ ಹೋರಾಟಗಾರ್ತಿ ನರ್ಗೆಸ್ ಮೊಹಮ್ಮದಿ ಅವರಿಗೆ ಶಾಂತಿ ನೊಬೆಲ್ ಬಂದಾಗ ಅವರು ಟೆಹರಾನಿನ ಎವಿನ್ ಜೈಲಿನಲ್ಲಿದ್ದರು. ಓಸ್ಲೋದ ವೇದಿಕೆಯ ಮೇಲೆ ಅವರ ಹೆಸರಿನಲ್ಲಿ ಒಂದು ಖಾಲಿ ಕುರ್ಚಿ ಇಟ್ಟು, ಅವರು ಜೈಲಿನಿಂದ ಕಳಿಸಿದ ಭಾಷಣವನ್ನು 17 ವರ್ಷದ ಅವಳಿ ಮಕ್ಕಳು ಓದಿದರು. ತಾಯಿಯ ಮುಖವನ್ನೇ ವರ್ಷಗಳಿಂದ ಕಾಣದ ಮಕ್ಕಳು. ಇರಾನಿನ ಸಂಸ್ಕೃತಿಯ ಬಗ್ಗೆ ನಿಮಗೆ ಗೌರವವಿದ್ದರೆ, ಇವರೂ ಆ ಸಂಸ್ಕೃತಿಯವರೇ.

ಇನ್ನು ಲೆಕ್ಕಾಚಾರದ ವಿಷಯ. ಇದರಲ್ಲಿ ನಿಮ್ಮ ಸರ್ಕಾರಗಳು ಯಾವತ್ತೂ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುತ್ತಲೇ ಬಂದಿವೆ. ಪಾಕಿಸ್ತಾನದಲ್ಲಿ ಜನರಲ್ ಜಿಯಾ ಉಲ್ ಹಕ್ 1979ರಲ್ಲಿ ಧಾರ್ಮಿಕ ಶಿಕ್ಷೆಗಳನ್ನು ಜಾರಿಗೊಳಿಸುವ ಹುದೂದ್ ಸುಗ್ರೀವಾಜ್ಞೆಗಳನ್ನು ತಂದರು. ಅತ್ಯಾಚಾರಕ್ಕೊಳಗಾದ ಹೆಣ್ಣಿನ ಮೇಲೆಯೇ ಹಾದರದ ಮೊಕದ್ದಮೆ ಬೀಳುವಂಥ ಕಾನೂನು ಅದು. ಎರಡೇ ವರ್ಷದಲ್ಲಿ ಅಮೆರಿಕ ಅವರಿಗೆ 320 ಕೋಟಿ ಡಾಲರುಗಳ ನೆರವು ಘೋಷಿಸಿತು, ಏಕೆಂದರೆ ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯಿತ್ತು. ಹೆಂಗಸರ ಸಾಕ್ಷ್ಯದ ಬೆಲೆಯನ್ನು ಅರ್ಧಕ್ಕಿಳಿಸುವ ಮಸೂದೆಯ ವಿರುದ್ಧ 1983ರ ಫೆಬ್ರವರಿ 12ರಂದು ಲಾಹೋರಿನಲ್ಲಿ ಹೈಕೋರ್ಟಿನ ಕಡೆ ಹೊರಟ ಹೆಂಗಸರನ್ನು ಪೊಲೀಸರು ಲಾಠಿಯಿಂದ ಬಡಿದರು, ಅಶ್ರುವಾಯು ಸಿಡಿಸಿದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಅಸ್ಮಾ ಜಹಾಂಗೀರ್ 2018ರಲ್ಲಿ ತೀರಿಕೊಳ್ಳುವವರೆಗೂ ಅದೇ ಜಗಳವನ್ನು ಅದೇ ನ್ಯಾಯಾಲಯಗಳಲ್ಲಿ ಆಡಿದರು. ಪಾಕಿಸ್ತಾನ ಈಗ ಆ ದಿನವನ್ನೇ ರಾಷ್ಟ್ರೀಯ ಮಹಿಳಾ ದಿನವಾಗಿ ಆಚರಿಸುತ್ತದೆ. ಅಂದು ಲಾಠಿ ಹಿಡಿದವರ ಬೆನ್ನಿಗೆ ನಿಂತಿದ್ದದ್ದು ವಾಷಿಂಗ್ಟನ್.

2015ರ ಜನವರಿ 9ರಂದು ಬ್ಲಾಗ್ ಬರೆಯುತ್ತಿದ್ದ ರಾಯಿಫ್ ಬದಾವಿಗೆ ಸೌದಿ ಅರೇಬಿಯಾದ ಜೆದ್ದಾದಲ್ಲಿ ಮಸೀದಿಯೊಂದರ ಮುಂದೆ ಜನರೆದುರು 50 ಛಡಿಯೇಟು ಕೊಟ್ಟರು, ವಿಧಿಸಿದ್ದದ್ದು 1000. ಎರಡು ವಾರದಲ್ಲಿ ದೊರೆ ಅಬ್ದುಲ್ಲಾ ತೀರಿಕೊಂಡಾಗ ಲಂಡನ್ನಿನ ಸರ್ಕಾರಿ ಕಟ್ಟಡಗಳ ಮೇಲೆಯೂ ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಮೇಲೆಯೂ ಧ್ವಜ ಅರ್ಧಕ್ಕಿಳಿಯಿತು. ಹೆಂಗಸರು ಕಾರು ಓಡಿಸಬಹುದೆಂದು 2018ರ ಜೂನ್‌ನಲ್ಲಿ ಸೌದಿ ಸರ್ಕಾರ ಅನುಮತಿ ಕೊಟ್ಟಾಗ ನಿಮ್ಮ ಪತ್ರಿಕೆಗಳು ಯುವರಾಜನನ್ನು ಸುಧಾರಕನೆಂದು ಹೊಗಳಿದವು. ಆ ಹಕ್ಕಿಗಾಗಿ ಹೋರಾಡಿದ್ದ ಲುಜೈನ್ ಅಲ್ ಹತ್ಲೂಲ್ ಕೆಲವೇ ವಾರಗಳ ಹಿಂದೆ ಬಂಧನಕ್ಕೊಳಗಾಗಿ ಜೈಲಿನಲ್ಲಿದ್ದರು. ಸುಧಾರಣೆ ದೊರೆಯ ಕೊಡುಗೆಯಾಗಿ ಕಾಣಬೇಕು, ಪ್ರಜೆ ಗೆದ್ದುಕೊಂಡದ್ದಾಗಿ ಕಾಣಕೂಡದು ಎಂಬುದೇ ಆ ಬಂಧನದ ಅರ್ಥ. ಅದೇ ವರ್ಷ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗಿ ಇಸ್ತಾಂಬುಲಿನ ಸೌದಿ ಕಾನ್ಸುಲೇಟಿನೊಳಗೆ ಹತರಾದರು. ಈ ಕೊಲೆಗಾಗಿ ಸೌದಿಯನ್ನು ಬಹಿಷ್ಕೃತ ದೇಶವನ್ನಾಗಿ ಮಾಡುತ್ತೇನೆಂದು ಚುನಾವಣೆಯಲ್ಲಿ ಹೇಳಿದ್ದ ಜೋ ಬೈಡನ್ 2022ರ ಜುಲೈನಲ್ಲಿ ಜೆದ್ದಾಕ್ಕೆ ಹೋಗಿ ಯುವರಾಜನ ಮುಷ್ಟಿಗೆ ಮುಷ್ಟಿ ತಾಗಿಸಿದರು. ತಿಂಗಳು ತುಂಬುವ ಮೊದಲೇ, ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸಲ್ಮಾ ಅಲ್ ಶೆಹಾಬ್ ಅವರಿಗೆ ಟ್ವೀಟುಗಳ ಕಾರಣಕ್ಕೆ ಸೌದಿಯ ಮೇಲ್ಮನವಿ ನ್ಯಾಯಾಲಯ 34 ವರ್ಷ ಶಿಕ್ಷೆ ಕೊಟ್ಟಿತು.

ಈಜಿಪ್ಟಿನ ಕಥೆಯೂ ಇದೇ. 2013ರ ಆಗಸ್ಟ್ 14ರಂದು ಕೈರೋದ ರಬಾ ಚೌಕದಲ್ಲಿ ಸೇನೆ ಮತ್ತು ಪೊಲೀಸರು ಒಂದೇ ದಿನ ಕನಿಷ್ಠ 817 ಜನರನ್ನು ಕೊಂದರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಂ ಬ್ರದರ್‌ಹುಡ್ ಎಂಬ ಇಸ್ಲಾಮಿ ರಾಜಕೀಯ ಸಂಘಟನೆಯ ಬೆಂಬಲಿಗರು. ಅವರ ರಾಜಕೀಯ ನನ್ನದಲ್ಲ, ಆದರೆ ಬದುಕುವ ಹಕ್ಕು ಅವರಿಗೂ ಇತ್ತು. 2020ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ತಮ್ಮ ದೇಶದ ಅತ್ಯುನ್ನತ ಗೌರವವನ್ನು ಈಜಿಪ್ಟಿನ ಅಧ್ಯಕ್ಷ ಸಿಸಿಗೆ ತೊಡಿಸಿದರು. ಫ್ರಾನ್ಸಿನ ಪತ್ರಕರ್ತರಿಗೆ ಆ ಸಮಾರಂಭಕ್ಕೆ ಪ್ರವೇಶವಿರಲಿಲ್ಲ. ಚಿತ್ರಗಳು ಹೊರಬಂದದ್ದು ಈಜಿಪ್ಟ್ ಅಧ್ಯಕ್ಷರ ಕಚೇರಿಯಿಂದ. ಇಟಲಿಯ ಹಿರಿಯ ಪತ್ರಕರ್ತ ಕೊರ್ರಾದೊ ಔಜಿಯಾಸ್ ತಮಗೆ ಬಂದಿದ್ದ ಅದೇ ಪದಕವನ್ನು ರೋಮಿನ ಫ್ರೆಂಚ್ ರಾಯಭಾರ ಕಚೇರಿಗೆ ಹಿಂದಿರುಗಿಸಿದರು. ನಿಮ್ಮಲ್ಲಿ ಇಂಥವರೂ ಇದ್ದಾರೆಂಬ ಕಾರಣಕ್ಕೇ ಈ ಪತ್ರಕ್ಕೆ ಅರ್ಥವಿದೆ.

ಕೊಲ್ಲಿ ದೇಶಗಳ ಮಾತು ಬಂದಾಗ ನಮಗೆ ಅದು ದೂರದ ವಿಷಯವಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿಗೆ ಹೋದವರಿಲ್ಲದ ಓಣಿ ಸಿಗುವುದು ಕಷ್ಟ. ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವೀಸಾ ಮಾಲೀಕನ ಕೈಯಲ್ಲಿರುತ್ತದೆ. ಕಾನೂನು ಬೇಡವೆಂದರೂ ಪಾಸ್‌ಪೋರ್ಟ್ ಕಪಾಟಿನೊಳಗೆ ಹೋಗುತ್ತದೆ. ಕೆಲಸ ಬಿಟ್ಟರೆ 'ಓಡಿಹೋದವ' ಎಂಬ ದೂರು ಬೀಳುತ್ತದೆ. ಕತಾರಿನಲ್ಲಿ 2022ರ ವಿಶ್ವಕಪ್ ನಡೆದಾಗ ಜರ್ಮನಿಯ ಆಟಗಾರರು ಪಂದ್ಯದ ಮೊದಲು ಬಾಯಿ ಮುಚ್ಚಿಕೊಂಡು ಪ್ರತಿಭಟಿಸಿದರು. ಒಂದು ವಾರದೊಳಗೆ ಕತಾರಿನಿಂದ ಜರ್ಮನಿಗೆ ಕನಿಷ್ಠ 15 ವರ್ಷ ಅನಿಲ ಪೂರೈಸುವ ಒಪ್ಪಂದ ಘೋಷಣೆಯಾಯಿತು. ಕ್ರೀಡಾಂಗಣ ಕಟ್ಟಿದ ನೇಪಾಳ, ಬಾಂಗ್ಲಾ, ಭಾರತದ ಕೂಲಿಯವರ ಕೂಲಿಬಾಕಿಯ ಪ್ರಶ್ನೆ ಆ ಒಪ್ಪಂದದ ಮೇಜಿಗೆ ಬರಲಿಲ್ಲ. ನಮ್ಮ ಸರ್ಕಾರವೂ ಈ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡಿದ್ದಿಲ್ಲ, ಊರಿಗೆ ಬರುವ ಹಣದ ಆಸೆ ನಮಗೂ ಇದೆ.

ಅಫ್ಘಾನಿಸ್ತಾನದಲ್ಲಂತೂ ಎರಡೂ ಚಾಳಿಗಳು ಒಟ್ಟಿಗೆ ಕೆಲಸ ಮಾಡಿದವು. 2001ರಲ್ಲಿ ಅಲ್ಲಿನ ಹೆಂಗಸರ ಬಿಡುಗಡೆಯ ಹೆಸರನ್ನೂ ಹೇಳಿ ಯುದ್ಧ ನಡೆಸಿದಿರಿ. 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ತಾಲಿಬಾನಿನೊಂದಿಗೆ ಸಹಿ ಹಾಕಿದ ಒಪ್ಪಂದದಲ್ಲಿ ಆ ಹೆಂಗಸರ ಹಕ್ಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾಬೂಲ್ ಬಿದ್ದ ಮೇಲೆ ಹುಡುಗಿಯರಿಗೆ ಪ್ರೌಢಶಾಲೆ ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು. ಇದು ಇಸ್ಲಾಮಿನ ಕಟ್ಟಳೆ ಎಂದು ಭಾವಿಸಿದವರು ಸುನ್ನಿ ಮುಸ್ಲಿಮರ ಪ್ರಮುಖ ವಿದ್ಯಾಪೀಠವಾದ ಕೈರೋದ ಅಲ್ ಅಝರ್‌ನ ಮುಖ್ಯಸ್ಥ ಅಹ್ಮದ್ ಅಲ್ ತಯ್ಯಿಬ್ ಅವರ ಮಾತನ್ನು ಕೇಳಬೇಕಿತ್ತು: ವಿಶ್ವವಿದ್ಯಾಲಯದ ನಿಷೇಧ ಶರಿಯತ್ತಿಗೇ ವಿರುದ್ಧ ಎಂದು ಅವರು ಖಂಡಿಸಿದರು. ಕಾಬೂಲಿನ ಹೆಂಗಸರು 'ಅನ್ನ, ಕೆಲಸ, ಸ್ವಾತಂತ್ರ್ಯ' ಎಂದು ಕೂಗಿ ಬಂದೂಕಿನೆದುರು ನಿಂತರು. ಆದರೂ 2024ರ ಜೂನ್ ಕೊನೆಯಲ್ಲಿ ವಿಶ್ವಸಂಸ್ಥೆ ದೋಹಾದಲ್ಲಿ ಕರೆದ ಸಭೆಯಲ್ಲಿ ತಾಲಿಬಾನಿನೆದುರು ನಿಮ್ಮ ರಾಯಭಾರಿಗಳು ಕೂತಾಗ ಆ ಮೇಜಿನ ಸುತ್ತ ಅಫ್ಘನ್ ನಾಗರಿಕ ಸಮಾಜದ ಒಬ್ಬ ಹೆಂಗಸೂ ಇರಲಿಲ್ಲ. ಅವರ ಜೊತೆಗಿನ ಮಾತುಕತೆಯನ್ನು ಮುಖ್ಯ ಸಭೆ ಮುಗಿದ ಮೇಲೆ ಬೇರೆಯಾಗಿ ಇಟ್ಟುಕೊಳ್ಳಲಾಯಿತು.

ಹಾಗೆಂದು ಬಾಂಬು ಹಾಕಿ ಬಿಡಿಸಿ ಎಂದು ನಾನು ಕೇಳುತ್ತಿಲ್ಲ. 2025ರ ಜೂನ್‌ನಲ್ಲಿ ಇರಾನಿನ ಮೇಲೆ ದಾಳಿ ಶುರುಮಾಡಿದಾಗ ಇಸ್ರೇಲಿನ ಪ್ರಧಾನಿ ನೆತನ್ಯಾಹು ಇರಾನಿನ ಹೆಣ್ಣುಮಕ್ಕಳ 'ಹೆಣ್ಣು, ಬದುಕು, ಸ್ವಾತಂತ್ರ್ಯ' ಎಂಬ ಘೋಷಣೆಯನ್ನೇ ತಮ್ಮ ಬಾಯಲ್ಲಿ ಉಚ್ಚರಿಸಿದರು. ಜೂನ್ 23ರಂದು ಇಸ್ರೇಲಿನ ಬಾಂಬುಗಳು ಬಿದ್ದದ್ದು ಎವಿನ್ ಜೈಲಿನ ಮೇಲೆ. ಕನಿಷ್ಠ 71 ಜನ ಸತ್ತರೆಂದು ಇರಾನಿನ ನ್ಯಾಯಾಂಗ ಹೇಳಿತು. ಅವರಲ್ಲಿ ಕೈದಿಗಳೂ ಇದ್ದರು, ಅವರನ್ನು ನೋಡಲು ಬಂದ ಮನೆಯವರೂ ಇದ್ದರು.

ಈ ಹೆಣ್ಣುಮಕ್ಕಳ ನೋವನ್ನು ಇಲ್ಲಿನ ಮುಸ್ಲಿಮರನ್ನು ಹೀಯಾಳಿಸಲು ಬಳಸುವವರು ನಮ್ಮಲ್ಲೂ ಇದ್ದಾರೆ, ನಿಮ್ಮಲ್ಲೂ ಇದ್ದಾರೆ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದ ಸಮವಸ್ತ್ರ ಆದೇಶ ಬಂದು, ಹಿಜಾಬ್ ಧರಿಸಿದ ಹುಡುಗಿಯರನ್ನು ಉಡುಪಿಯಿಂದ ಹಿಡಿದು ಹಲವು ಊರುಗಳ ಕಾಲೇಜು ಗೇಟಿನಲ್ಲೇ ತಡೆಯಲಾಯಿತು. ಪರೀಕ್ಷೆ ಬರೆಯಲಾಗದೆ ಹಿಂದಿರುಗಿದವರಿದ್ದಾರೆ. ಟೆಹರಾನಿನಲ್ಲಿ ಬಲವಂತವಾಗಿ ತೊಡಿಸುವುದನ್ನು ವಿರೋಧಿಸುವ ನಾನು ಉಡುಪಿಯಲ್ಲಿ ಬಲವಂತವಾಗಿ ತೆಗೆಸುವುದನ್ನು ಒಪ್ಪಲಾರೆ, 2004ರಲ್ಲಿ ಫ್ರಾನ್ಸ್ ತನ್ನ ಶಾಲೆಗಳಲ್ಲಿ ಮಾಡಿದ್ದನ್ನೂ ಒಪ್ಪಲಾರೆ. ತಲೆ ಅವಳದು, ಆಯ್ಕೆಯೂ ಅವಳದಾಗಬೇಕು.

ನಿಮ್ಮಿಂದ ನಾನು ಕೇಳುವುದು ನಿಮ್ಮ ಕೈಯಳತೆಯಲ್ಲಿ ಇರುವಂಥದ್ದೇ. ಪ್ರಜೆಗಳ ಮೇಲೆ ಬೇಹುಗಾರಿಕೆ ನಡೆಸುವ ಸಾಧನಗಳನ್ನು ಈಜಿಪ್ಟಿಗೆ, ಸೌದಿಗೆ ಮಾರಿದವುಗಳಲ್ಲಿ ಯುರೋಪಿನ ಕಂಪನಿಗಳೂ ಇವೆ. ಆ ರಫ್ತಿಗೆ ಸಹಿ ಹಾಕುವ ಸಚಿವರು ನಿಮ್ಮ ಸಂಸತ್ತಿಗೆ ಉತ್ತರ ಕೊಡಬೇಕಾದವರು, ಅವರನ್ನು ಕೇಳಿ. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಈಜಿಪ್ಟಿಗೆ 740 ಕೋಟಿ ಯೂರೋಗಳ ನೆರವು ಘೋಷಿಸಿದಾಗ ಅಲ್ಲಿನ ಜೈಲುಗಳ ಬಗ್ಗೆ ಯಾವ ಗಟ್ಟಿ ಷರತ್ತು ಇತ್ತೆಂದು ಕೇಳಿ. ಕಾಬೂಲಿನ ವಿದ್ಯಾರ್ಥಿನಿಗೆ ಖಂಡನೆಯ ನಿರ್ಣಯಕ್ಕಿಂತ ಹೆಚ್ಚು ಬೇಕಾಗಿರುವುದು ವೀಸಾ ಮತ್ತು ವಿದ್ಯಾರ್ಥಿವೇತನ. ಅದನ್ನು ಕೊಡುವ ಅಧಿಕಾರ ನಿಮ್ಮದು. ಗೆಳೆತನದ ದೇಶ, ಹಗೆತನದ ದೇಶ ಎಂದು ನೋಡದೆ ರಿಯಾದಿನಲ್ಲೂ ಟೆಹರಾನಿನಲ್ಲೂ ಕೈರೋದಲ್ಲೂ ಕೈದಿಗಳ ಹೆಸರುಗಳನ್ನು ಒಂದೇ ದನಿಯಲ್ಲಿ ಹೇಳಿ. ಮುಸ್ಲಿಂ ಸಮಾಜದ ಅಭಿಪ್ರಾಯ ಬೇಕೆನಿಸಿದಾಗ ರಾಯಭಾರಿಯನ್ನು ಕೇಳಿ ಸುಮ್ಮನಾಗದೆ, ಅಲ್ಲಿನ ವಕೀಲೆಯನ್ನು, ಶಿಕ್ಷಕಿಯನ್ನು, ಕಾರ್ಮಿಕ ಸಂಘದವರನ್ನು, ಗಡೀಪಾರಾದ ಪತ್ರಕರ್ತನನ್ನು ಕೇಳಿ. ಅವರ ಮಾತು ನಿಮ್ಮ ಸಿದ್ಧಾಂತಕ್ಕೆ ಒಗ್ಗದಿದ್ದರೂ ಪೂರ್ತಿ ಕೇಳಿ. ತಾಲಿಬಾನಿನೊಂದಿಗೆ ಮುಂದಿನ ಸಭೆ ಎಲ್ಲೇ ನಡೆಯಲಿ, ಮೇಜಿನ ಸುತ್ತ ಅಫ್ಘನ್ ಹೆಂಗಸರಿಗೆ ಕುರ್ಚಿಯಿಲ್ಲದಿದ್ದರೆ ನಿಮ್ಮ ರಾಯಭಾರಿ ಅಲ್ಲಿ ಕೂರಬಾರದೆಂದು ಈಗಲೇ ನಿಮ್ಮ ಸರ್ಕಾರಕ್ಕೆ ಬರೆಯಿರಿ.

ಇಂತಿ,
ಕರ್ನಾಟಕದ ಒಬ್ಬ ನಾಗರಿಕ